ಹುಳವನ್ನು ಮೂರನೇ ಅಧ್ಯಾಯದಲ್ಲೇ ಕೊಂದೆ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಸೋದರಮಾವ ಒಂದು ನಾಗರಹಾವು ಕೊಂದ. ಬಣವೆಯಿಂದ ಮೇವು ಹಿರಿಯೋಕೆ ಹೋಗಿದ್ದ. ಕೈಗೆ ತಣ್ಣಗೆ ಏನೋ ತಗುಲಿತು. ಪಕ್ಕದಲ್ಲೇ ಅವನ ಎರಡು ವರ್ಷದ ಮಗಳು ನಿಂತಿದ್ದಳು. ಅಲ್ಲೇ ಬಿದ್ದಿದ್ದ ಗುದ್ದಲಿ ಎತ್ತಿ ಮೂರೇಟು ಹಾಕಿದ. ಕೂಸು ಉಳಿಯಿತು.

ಆಮೇಲೆ ನಡೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಬ್ಬರೂ ಅವನ ಬೆನ್ನು ತಟ್ಟಲಿಲ್ಲ. ಅಜ್ಜಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ತಿರುಗಿ ಬಂದು ಹೊಸ್ತಿಲಲ್ಲೇ ನಿಂತು, "ಒಳಗ ಬರಬ್ಯಾಡಪ್ಪಾ, ಅಲ್ಲೇ ಕುಂದ್ರು" ಅಂದಳು. ಮಾವ ಕಟ್ಟೆ ಮೇಲೆ ಕೂತ. ಹಾಲು ಬಂತು, ತುಪ್ಪ ಬಂತು, ಡಬ್ಬಿಯಿಂದ ಒಂದು ತಾಮ್ರದ ಕಾಸು ಬಂತು. ಹೊಲದ ಬದುವಿನಲ್ಲಿ ಕುಳ್ಳು ಒಟ್ಟಿ, ಹಾವಿನ ತಲೆ ಹತ್ತಿರ ಕಾಸು ಇಟ್ಟು ಸುಟ್ಟರು. ಮಾವ ತಲೆ ಮೇಲೆ ನೀರು ಹಾಕಿಕೊಂಡು ಒಳಗೆ ಬರುವ ತನಕ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮೂರು ದಿನ ಅವನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಇಪ್ಪತ್ತೈದು ವರ್ಷ ಕಳೆದು ಕಾದಂಬರಿ ಬರೆಯೋಕೆ ಕೂತಾಗ ಇದೆಲ್ಲ ನನಗೆ ಮರೆತೇ ಹೋಗಿತ್ತು.

ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ನಾನು ಕಟಿಂಗ್ ಮಾಸ್ಟರ್. ರಾತ್ರಿ ಊಟ ಆದ ಮೇಲೆ ಬರೆಯುತ್ತೇನೆ. ಮೊದಲ ಕರಡು ಮೂವತ್ತು ಅಧ್ಯಾಯ ಆಯಿತು. ಒಂದು ಸೀಮೆ, ಅಲ್ಲಿ ಕೆರೆ ನೀರನ್ನು ಸುತ್ತಿಕೊಂಡು ಮಲಗಿದ ದೊಡ್ಡ ಸರ್ಪ, ಕತ್ತಿ ಹಿಡಿದು ಬರುವ ಹುಡುಗ. ಇಪ್ಪತ್ತೊಂಬತ್ತನೇ ಅಧ್ಯಾಯದಲ್ಲಿ ಸರ್ಪ ಸಾಯುತ್ತೆ. ಮೂವತ್ತರಲ್ಲಿ ಹುಡುಗನಿಗೆ ಹಾರ. ನಮ್ಮ ಯೂನಿಟ್‌ನಲ್ಲಿ ಹೊಲಿಯುವ ಒಬ್ಬ ಅಕ್ಕ ಇದ್ದಾರೆ, ಸಿಕ್ಕ ಪುಸ್ತಕವನ್ನೆಲ್ಲ ಓದುವವರು. ಅವರಿಗೆ ಕೊಟ್ಟೆ. ನಾಲ್ಕು ದಿನಕ್ಕೆ ಓದಿ ಮುಗಿಸಿದರು. ಚೆನ್ನಾಗಿದೆ ಅಂದರು. ಆಮೇಲೆ ಒಂದೇ ಒಂದು ಮಾತು ಕೇಳಿದರು: "ಅಣ್ಣಾ, ಅಷ್ಟು ದೊಡ್ಡ ಹೆಣ ಊರ ಮುಂದ ಬಿದ್ದೈತಲ್ಲ. ಅದನ್ನ ಏನು ಮಾಡಿದ್ರು? ವಾಸನಿ ಬರಲ್ಲೇನು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಅವತ್ತು ರಾತ್ರಿ ಮಾವ ಕಟ್ಟೆ ಮೇಲೆ ಕೂತಿದ್ದು ನೆನಪಿಗೆ ಬಂತು. ಮೂವತ್ತು ಅಧ್ಯಾಯ ಪಕ್ಕಕ್ಕಿಟ್ಟೆ. ಹೊಸ ನೋಟ್‌ಬುಕ್ ತೆಗೆದು, ಸರ್ಪವನ್ನು ಮೂರನೇ ಅಧ್ಯಾಯದಲ್ಲೇ ಕೊಂದೆ. ಮಿಕ್ಕ ಕಾದಂಬರಿ ಪೂರ್ತಿ ಆ ಹೆಣದ್ದು, ಕೊಂದವನದ್ದು.

ಮೊದಲು ಹೆಸರಿನ ಜೊತೆ ಒದ್ದಾಡಿದೆ. ಡ್ರ್ಯಾಗನ್ ಅಂದರೆ ನಮ್ಮ ಮಕ್ಕಳಿಗೆ ಟೀವಿಯಲ್ಲಿ ಬೆಂಕಿ ಉಗುಳುವ ರೆಕ್ಕೆಯ ಪ್ರಾಣಿ, ಇಲ್ಲವೇ ಸಂತೆಯಲ್ಲಿ ಸಿಗುವ ಹಣ್ಣು. ಘಟಸರ್ಪ ಅಂದರೆ ನಿಧಿ ಕಾಯೋದು. ಎರಡೂ ನನ್ನ ಕಥೆಗೆ ಹೊಂದಲಿಲ್ಲ. ಕೊನೆಗೆ ನಮ್ಮ ಊರಿನ ಮಾತೇ ಕೈ ಹಿಡಿಯಿತು. ನಮ್ಮ ಕಡೆ ಹಾವು ಕಚ್ಚಿತು ಅನ್ನಲ್ಲ, ಹುಳ ಮುಟ್ಟಿತು ಅಂತಾರೆ. ಕತ್ತಲಾದ ಮೇಲಂತೂ ಹಿರಿಯರು ಹಾವು ಅನ್ನೋ ಶಬ್ದವನ್ನೇ ಬಾಯಿಗೆ ತರಲ್ಲ. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತೆ ಅನ್ನೋ ಅಂಜಿಕೆ. ನೂರು ಅಡಿ ಉದ್ದದ ಜೀವವನ್ನು ಒಂದು ಇಡೀ ಸೀಮೆ ತಗ್ಗಿದ ದನಿಯಲ್ಲಿ "ಹುಳ" ಅಂದರೆ ಎಷ್ಟು ಹೆದರಿದ್ದಾರೆ ಅಂತ ಬೇರೆ ಹೇಳಬೇಕಾಗಿಲ್ಲ. ಆಮೇಲೆ ಗೊತ್ತಾಯಿತು, ಹಳೆಯ ಇಂಗ್ಲಿಷಿನಲ್ಲೂ ಡ್ರ್ಯಾಗನ್‌ಗೆ ವಿರ್ಮ್ ಅಂತಿದ್ದರು. ಈಗ ಹುಳುವಿಗೆ ಹೇಳುವ ವರ್ಮ್ ಅನ್ನೋ ಪದ ಅದರಿಂದಲೇ ಬಂದದ್ದು. ಅಷ್ಟು ದೂರದ ಜನಕ್ಕೂ ಅದೇ ಪದ ಹೊಳೆದಿತ್ತು ಅಂತ ತುಂಬಾ ಖುಷಿಯಾಯಿತು.

ಆಮೇಲೆ ಕುಡತಿನಿಗೆ ಹೋದೆ.

ಕುಡತಿನಿಯಿಂದ ತೋರಣಗಲ್ಲು ಕಡೆ ಹೋಗುವ ದಾರಿಯಲ್ಲಿ ಬೂದಿದಿಬ್ಬ ಇದೆ. ಸಣ್ಣವನಿದ್ದಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ರಾಕ್ಷಸರನ್ನು ಸುಟ್ಟ ಬೂದಿ ಅಂತ ಅಜ್ಜಿ ಹೇಳುತ್ತಿದ್ದಳು. ಹಂಪಿ ಹತ್ತಿರದ ನಿಂಬಾಪುರದಲ್ಲೂ ಇಂಥದೇ ದಿಬ್ಬ ಇದೆ, ಅದನ್ನು ವಾಲಿಯ ಚಿತೆಯ ಬೂದಿ ಅನ್ನುತ್ತಾರೆ. ಈ ದಿಬ್ಬಗಳು ನವಶಿಲಾಯುಗದ ದನಗಾಹಿಗಳದ್ದು, ನಾಲ್ಕು ಸಾವಿರ ವರ್ಷಕ್ಕೂ ಹಳೆಯವು. ಪುರಾತತ್ವ ತಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಮಹಬೂಬ್‌ನಗರ ಸೀಮೆಯ ಉತ್ನೂರಿನಲ್ಲಿ ಇಂಥ ದಿಬ್ಬವೊಂದನ್ನು ಅಗೆಸಿದರು. ಸುಟ್ಟ ಸಗಣಿಯ ಪದರದ ಮೇಲೆ ಪದರ ಸಿಕ್ಕಿತು, ನಡುವೆ ದನದ ಗೊರಸಿನ ಗುರುತುಗಳೂ ಸಿಕ್ಕವು. ದನದ ದೊಡ್ಡಿ, ಅದರಲ್ಲಿ ರಾಶಿ ಬಿದ್ದ ಸಗಣಿ, ಆ ಸಗಣಿಗೆ ಮತ್ತೆ ಮತ್ತೆ ಇಟ್ಟ ಬೆಂಕಿ.

ಹತ್ತಿರ ಹೋಗಿ ನೋಡಿದರೆ ಬೂದಿ ಅಂದರೆ ಬರೀ ಪುಡಿಯಲ್ಲ. ನಡುನಡುವೆ ಗಟ್ಟಿ ಗಡ್ಡೆಗಳಿವೆ. ಬೂದಿಯೇ ಕರಗಿ, ಗಾಜಿನ ಹಾಗೆ ಆಗಿ, ಗುಳ್ಳೆ ಗುಳ್ಳೆ ಎದ್ದು ಆರಿದೆ. ಕುಲುಮೆಯ ಕಿಟ್ಟ ನೋಡಿದವರಿಗೆ ಗುರುತು ಸಿಗುತ್ತೆ. ಒಂದು ಗಡ್ಡೆಯ ಮೇಲೆ ಬೆರಳಿಟ್ಟೆ, ಚರಚರ ಅಂತು. ಬಾಗಿ ಬಾಗಿ ನೋಡಿದೆ, ಎತ್ತಿಕೊಳ್ಳಲಿಲ್ಲ. ದಯವಿಟ್ಟು ಯಾರೂ ಅಲ್ಲಿಂದ ಏನನ್ನೂ ಮನೆಗೆ ತರಬೇಡಿ, ಈಗಾಗಲೇ ಜಾಸ್ತಿ ಹಾಳಾಗಿದೆ. ತಲೆ ಎತ್ತಿದರೆ ದೂರದಲ್ಲಿ ಕುಡತಿನಿ ವಿದ್ಯುತ್ ಸ್ಥಾವರದ ಚಿಮಣಿಗಳು. ಅಲ್ಲೂ ಬೂದಿ, ಇಲ್ಲೂ ಬೂದಿ. ಬೆಂಕಿಯನ್ನು ಹುಳದ ಬಾಯಲ್ಲಿ ಇಡಬಾರದು, ಜನರ ಕೈಯಲ್ಲಿ ಇಡಬೇಕು ಅಂತ ನನಗೆ ಅನ್ನಿಸಿದ್ದು ಅಲ್ಲೇ. ನನ್ನ ಹುಳ ಬೆಂಕಿ ಉಗುಳಲ್ಲ. ಹುಳವನ್ನು ಸುಡಬೇಕಾದವರು ಜನ.

ಸುಡೋದು ಅಂದರೆ ಎಷ್ಟು? ಕಟಿಂಗ್ ಟೇಬಲ್ ಮುಂದೆ ನಿಲ್ಲುವವನಿಗೆ ಅಳತೆ ಇಲ್ಲದೆ ಕೈ ಓಡಲ್ಲ. ಲೆಕ್ಕ ಹಾಕಿದೆ. ಹುಳ ನೂರು ಅಡಿ ಉದ್ದ, ನಡುವಿನಲ್ಲಿ ಮೂರು ಅಡಿ ದಪ್ಪ, ಬಾಲದ ಕಡೆ ಸಣ್ಣ. ಸುಮಾರು 12 ಟನ್ ತೂಕ ಬರುತ್ತೆ. 60 ಕಿಲೋ ಮನುಷ್ಯನ ಒಂದು ಹೆಣ ಸುಡೋಕೆ 400 ಕಿಲೋ ಕಟ್ಟಿಗೆ ಬೇಕು. ಹುಳ 200 ಹೆಣಕ್ಕೆ ಸಮ. ಅಂದರೆ 80 ಟನ್ ಕಟ್ಟಿಗೆ. ನಮ್ಮ ಬಯಲಲ್ಲಿ ಅಷ್ಟು ಮರ ಎಲ್ಲಿವೆ? ಹಾಗಾಗಿ ಕುಳ್ಳು. ಕುಳ್ಳು ಇನ್ನೂ ಜಾಸ್ತಿ ಬೇಕು, 100 ಟನ್ ಅಂತ ಹಿಡಿದೆ. ಒಂದು ದನ ದಿನಕ್ಕೆ ಹತ್ತು ಕಿಲೋ ಸಗಣಿ ಹಾಕಿದರೆ ಒಣಗಿದ ಮೇಲೆ ಎರಡು ಕಿಲೋ ಉಳಿಯುತ್ತೆ. 500 ದನ ಇರುವ ಹಟ್ಟಿಗೆ 100 ದಿನದ ಸಗಣಿ ಪೂರ್ತಿ ಬೇಕು. ಆ 100 ದಿನ ಯಾರ ಮನೆಯಲ್ಲೂ ಅಡುಗೆಗೆ ಕುಳ್ಳಿಲ್ಲ.

ಈ ಒಂದು ಲೆಕ್ಕದಿಂದ ನನ್ನ ಕಾದಂಬರಿಯ ಅರ್ಧ ಕಥೆ ಹುಟ್ಟಿತು. ನೂರು ದಿನ ಆರದ ಬೆಂಕಿ. ಹಸಿ ಜೋಳ ನೆನೆಸಿ ತಿನ್ನುವ ಮಕ್ಕಳು. "ನಮ್ಮ ಹಟ್ಟಿಯ ಕೂಸನ್ನ ಹುಳ ನುಂಗಲಿಲ್ಲ, ನಾವ್ಯಾಕ ಕುಳ್ಳು ಕೊಡಬೇಕು?" ಅಂತ ಪಕ್ಕದ ಹಟ್ಟಿಯವರ ತಕರಾರು. ಕೊಂದವನು ಮನೆ ಮನೆಗೆ ಹೋಗಿ ಕುಳ್ಳು ಬೇಡಬೇಕು. ಬಾಗಿಲಲ್ಲಿ ನಿಂತವನನ್ನು ಒಳಗೆ ಕರೆಯೋ ಹಾಗಿಲ್ಲ, ಅವನಿಗೆ ಸೂತಕ. ಅವನಿಂದ ಬದುಕಿದ ಕೂಸಿನ ತಾಯಿಯೂ ಕುಳ್ಳಿನ ಬುಟ್ಟಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಾಳೆ. ಈ ದೃಶ್ಯ ಬರೆಯುವಾಗ ಅಜ್ಜಿಯ ಹೊಸ್ತಿಲು ಕಣ್ಣ ಮುಂದೆಯೇ ಇತ್ತು.

ಕತ್ತಿಯನ್ನೂ ಬಿಟ್ಟೆ. ದನಗಾಹಿಗಳ ಕಾಲಕ್ಕೆ ಹೋದ ಮೇಲೆ ಕಬ್ಬಿಣ ಎಲ್ಲಿಂದ ಬರಬೇಕು? ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ. ಸಂಗನಕಲ್ಲಿನ ಕಲ್ಲಿನ ಕೊಡಲಿಗಳನ್ನು ಅಲ್ಲಿ ನೋಡಬಹುದು. ಒಡೆದು, ಕುಟ್ಟಿ, ಬಂಡೆಗೆ ಉಜ್ಜಿ ಉಜ್ಜಿ ನುಣುಪು ಮಾಡಿದವು. ಆ ಕಲ್ಲು ಬಂದದ್ದು ಕಪ್ಪಗಲ್ಲು ಗುಡ್ಡದಿಂದ. ಒಂದು ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿದೆ. ಸುತ್ತ ಬೂದು ಬಣ್ಣದ ಗ್ರಾನೈಟ್ ಬಂಡೆಗಳು, ಅವುಗಳ ನಡುವೆ ಗುಡ್ಡದ ಬೆನ್ನುದ್ದಕ್ಕೂ ಕಪ್ಪು ಕಲ್ಲಿನ ಒಂದು ಪಟ್ಟಿ. ಭೂಮಿಯ ಬಿರುಕಿನಲ್ಲಿ ಕೆಳಗಿನಿಂದ ಏರಿ ಬಂದು ಗಟ್ಟಿಯಾದ ಡಾಲರೈಟ್ ಅದು. ಅದರ ಮೇಲೆ ಹಿಂದಿನವರು ಕುಟ್ಟಿ ಮೂಡಿಸಿದ ಡುಬ್ಬದ ಗೂಳಿಗಳು, ಮನುಷ್ಯರು. ಅಲ್ಲಿನ ಕೆಲವು ಕಲ್ಲುಗಳನ್ನು ತಟ್ಟಿದರೆ ಗಂಟೆಯ ಹಾಗೆ ದನಿ ಬರುತ್ತೆ. ಬಿಸಿಲು ಏರುತ್ತಿತ್ತು. ಆ ಕರಿ ಪಟ್ಟಿ ನನಗೆ ಮಲಗಿದ ಹುಳದ ಬೆನ್ನಾಗಿಯೇ ಕಂಡಿತು. ಕಾದಂಬರಿಯಲ್ಲಿ ಅದು ಮೊದಲ ಹುಳ, ಯಾವ ಕಾಲದಲ್ಲೋ ಸತ್ತು ಕಲ್ಲಾದದ್ದು. ಎರಡನೇ ಹುಳವನ್ನು ಕೊಲ್ಲುವ ಕೊಡಲಿ ಅದರ ಬೆನ್ನಿನಿಂದಲೇ ಬರುತ್ತೆ. ಹುಳ ಬರುವ ಸುದ್ದಿಯನ್ನು ಹಟ್ಟಿಯಿಂದ ಹಟ್ಟಿಗೆ ಮುಟ್ಟಿಸೋದು ಆ ದನಿಯ ಕಲ್ಲು.

ಕೊಲ್ಲುವ ದೃಶ್ಯಕ್ಕೆ ನನ್ನ ಕೆಲಸವೇ ನೆರವಾಯಿತು. ಮೊದಲ ಕರಡಿನಲ್ಲಿ ಒಂದೇ ಏಟಿಗೆ ತಲೆ ಹಾರಿತ್ತು. ಡೆನಿಮ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಕತ್ತರಿಸುವವರಿಗೆ ಗೊತ್ತು, ದಪ್ಪ ಅನ್ನೋದು ಸುಮ್ನೆ ದಾರಿ ಬಿಡಲ್ಲ. ಬ್ಲೇಡ್ ಬಿಸಿಯಾಗುತ್ತೆ, ಹರಿತ ಹೋಗುತ್ತೆ, ಮತ್ತೆ ಮತ್ತೆ ಮಸೆಯಬೇಕು. ಸಂಜೆಗೆ ಭುಜ ಎತ್ತೋಕಾಗಲ್ಲ. ಹಾಗಾಗಿ ನನ್ನ ಕಥೆಯಲ್ಲಿ ಹುಳ ಸಾಯೋಕೆ ಹಗಲು ಪೂರ್ತಿ ಹಿಡಿಯುತ್ತೆ. ನಡುವೆ ಕೊಂದವನು ಕೂತು ಕೊಡಲಿ ಮಸೆಯುತ್ತಾನೆ. ಹುಳ ಅವನನ್ನೇ ನೋಡುತ್ತಿರುತ್ತೆ. ಆ ಒಂದು ಪುಟವನ್ನು ಹನ್ನೊಂದು ಸಲ ತಿದ್ದಿದ್ದೇನೆ.

ಮಧ್ಯದಲ್ಲಿ ಕಥೆ ನಿಂತುಬಿಟ್ಟಿತು. ಹೆಣ ಸುಟ್ಟಿದ್ದಾಯಿತು, ಮುಂದೆ? ಆಗ ವೃತ್ರನ ಕಥೆಗೆ ಹೋದೆ. ನೀರನ್ನು ಕಟ್ಟಿಹಾಕಿ ಮಲಗಿದ ಸರ್ಪ ವೃತ್ರ. ಅವನನ್ನು ಕೊಂದು ಇಂದ್ರ ನದಿಗಳನ್ನು ಬಿಡಿಸಿದ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಋಗ್ವೇದದ ಮೊದಲ ಮಂಡಲದ 32ನೇ ಸೂಕ್ತವನ್ನು ಕೊನೆ ತನಕ ಓದಿದರೆ ಋಷಿ ಇಂದ್ರನನ್ನೇ ಒಂದು ಪ್ರಶ್ನೆ ಕೇಳುತ್ತಾನೆ. ಸರ್ಪನ ಸೇಡು ತೀರಿಸೋಕೆ ಬಂದ ಯಾರನ್ನು ಕಂಡು ನಿನ್ನ ಎದೆಗೆ ಭಯ ಹೊಕ್ಕಿತು? ಬೆದರಿದ ಗಿಡುಗನ ಹಾಗೆ 99 ನದಿ ದಾಟಿ ಹೋದೆಯಲ್ಲ? ನಾನು ಪುಸ್ತಕ ಮುಚ್ಚಿ ತುಂಬಾ ಹೊತ್ತು ಕೂತೆ. ಮೂರು ಲೋಕಕ್ಕೆ ನೀರು ಕೊಟ್ಟವನು ಓಡುತ್ತಿದ್ದಾನೆ. ಹಿಂದೆ ಯಾರೂ ಇಲ್ಲ.

ಮಹಾಭಾರತದಲ್ಲಿ ಇದು ಇನ್ನೂ ಮುಂದೆ ಹೋಗುತ್ತೆ. ವೃತ್ರನನ್ನು ಕೊಂದ ಪಾಪಕ್ಕೆ ಅಂಜಿ ಇಂದ್ರ ತಾವರೆಯ ದಂಟಿನೊಳಗೆ ಅಡಗುತ್ತಾನೆ. ಖಾಲಿಯಾದ ಪಟ್ಟಕ್ಕೆ ನಹುಷನನ್ನು ಕರೆತಂದು ಕೂರಿಸುತ್ತಾರೆ. ನಹುಷ ಒಳ್ಳೆಯ ರಾಜ. ಪಟ್ಟ ಸಿಕ್ಕ ಮೇಲೆ ಸೊಕ್ಕು ಏರಿತು, ಋಷಿಗಳ ಹೆಗಲ ಮೇಲೆ ಪಲ್ಲಕ್ಕಿ ಹೊರಿಸಿದ, ಅಗಸ್ತ್ಯನ ಶಾಪಕ್ಕೆ ಸಿಕ್ಕು ಹೆಬ್ಬಾವಾದ. ನೋಡಿ, ಸರ್ಪವನ್ನು ಕೊಂದವನು ಬಿಟ್ಟುಹೋದ ಜಾಗದಲ್ಲಿ ಕೂತವನು ತಾನೇ ಸರ್ಪವಾದ! ಎರಡು ಕಥೆಗಳನ್ನೂ ಸಣ್ಣವನಿದ್ದಾಗಿನಿಂದ ಕೇಳಿದ್ದೆ, ಹೀಗೆ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ನನ್ನ ಕಾದಂಬರಿಯ ಉಳಿದರ್ಧ ಅಲ್ಲಿಂದ ಎದ್ದು ಬಂತು. ಕೊಂದವನು ಹಟ್ಟಿ ಬಿಟ್ಟು ಹೋಗುತ್ತಾನೆ. ಹುಳ ಕಾಯುತ್ತಿದ್ದ ಕೆರೆಯ ದಂಡೆಗೆ ಹಟ್ಟಿಯ ಹಿರಿಯ ಬಂದು ಕೂರುತ್ತಾನೆ. ಮೊದಲು ನೀರನ್ನು ಸರದಿ ಮೇಲೆ ಹಂಚೋಕೆ. ಆಮೇಲೆ ತನ್ನವರಿಗೆ ಒಂದು ಕೊಡ ಜಾಸ್ತಿ. ಅವನು ಎದ್ದು ಮನೆಗೆ ಹೋಗೋದು ದಿನ ದಿನಕ್ಕೆ ಕಡಿಮೆಯಾಗುತ್ತೆ. ಮೈ ತಣ್ಣಗಾಗುತ್ತೆ.

ಕರಡು ಓದಿದ ಒಬ್ಬ ಪ್ರಕಾಶಕರು ಕೊಲ್ಲುವ ದೃಶ್ಯವನ್ನು ಕೊನೆಗೆ ತನ್ನಿ, ಓದುಗರು ಅಲ್ಲಿಯ ತನಕ ಕಾಯುತ್ತಾರೆ ಅಂದರು. ನಾನು ಒಪ್ಪಲಿಲ್ಲ. ಅವರು ಹೇಳಿದ್ದು ಬೇರೆ ಕಾದಂಬರಿಗೆ ಸರಿ ಇರಬಹುದು. ನನಗೆ ಬೇಕಿದ್ದದ್ದು ಕಟ್ಟೆ ಮೇಲಿನ ಮೂರು ದಿನ.

ಹೋದ ಪಂಚಮಿಗೆ ಊರಿಗೆ ಹೋಗಿದ್ದೆ. ಮಾವನಿಗೆ ಈಗ ಕಣ್ಣು ಮಂಜು. ಅವತ್ತು ಉಳಿದ ಕೂಸು ತನ್ನ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು, ಹುಡುಗರು ಜೋಕಾಲಿ ಬಿಟ್ಟು ಇಳಿಯುತ್ತಿರಲಿಲ್ಲ. ಮಧ್ಯಾಹ್ನ ಉಂಡಿ ತಿಂದು ಮಾವ ಅದೇ ಕಟ್ಟೆ ಮೇಲೆ ಕೂತಾಗ ಸುಡುವ ಅಧ್ಯಾಯವನ್ನು ಓದಿ ಹೇಳಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅವನು ನಡುವೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ನನ್ನ ಕಡೆ ತಿರುಗಿ ಕೇಳಿದ: "ಅಳಿಯಾ, ಕಾಸು ಇಟ್ಟೀಯೋ ಇಲ್ಲೋ?"

ಇಟ್ಟಿರಲಿಲ್ಲ. ಆ ಕಾಲದಲ್ಲಿ ಕಾಸು ಎಲ್ಲಿತ್ತು ಮಾವಾ ಅಂದೆ.

"ಕಾಸು ಇಲ್ಲಂದ್ರ ಮತ್ತೊಂದು ಏನರ ಇಡು. ಬರಿಗೈಲೆ ಕಳಿಸಬ್ಯಾಡ ಅದನ್ನ."

ಬಳ್ಳಾರಿಗೆ ಬಂದು ಆ ಅಧ್ಯಾಯವನ್ನು ಮತ್ತೆ ತೆರೆದೆ. ಈಗ ನೂರನೇ ದಿನ, ಕೊನೆಯ ಕುಳ್ಳು ಇಡುವ ಮುಂಚೆ, ಕೊಂದವನು ಬೂದಿಯ ಹತ್ತಿರ ಕೂತು ಒಂದು ಚಿಪ್ಪಿನ ಮಣಿ ಇಡುತ್ತಾನೆ. ಅದು ಅವನದಲ್ಲ. ಹುಳ ನುಂಗಿದ ಕೂಸಿನ ಕೊರಳಿನದು, ಹುಳದ ಹೊಟ್ಟೆ ಸೀಳಿದಾಗ ಸಿಕ್ಕದ್ದು. ಅದನ್ನು ಹುಳದ ಜೊತೆ ಕಳಿಸಬೇಕೋ, ತಾಯಿಗೆ ತಿರುಗಿ ಕೊಡಬೇಕೋ ಅಂತ ಕೇಳೋಕೆ ಅವನು ಆ ತಾಯಿಯ ಬಾಗಿಲಿಗೆ ಹೋಗಲೇಬೇಕಾಯಿತು. ಆ ಬಾಗಿಲಲ್ಲಿ ನಡೆದ ಮಾತನ್ನು ಈಗ ಬರೆಯುತ್ತಿದ್ದೇನೆ.