ಪುಟ್ಟ ಕ್ರಿಶ್ಚಿಯನ್ ಯೂನಿವರ್ಸಿಟಿಗೆ ಹೊರಟ ನಮ್ಮ ಕಡೆಯ ಮಕ್ಕಳಿಗೆ

ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಯಾರಾದರೂ ಅಮೆರಿಕದ ಸಣ್ಣ ಊರಿನ ಕ್ರಿಶ್ಚಿಯನ್ ಯೂನಿವರ್ಸಿಟಿಗೆ ಹೊರಟರೆ ಅವರ ಅಪ್ಪನೋ ಕಾಕಾನೋ ನನಗೆ ಫೋನ್ ಮಾಡುತ್ತಾರೆ. 'ನೀ ಅಲ್ಲೇ ಓದಿದವನಲ್ಲಪ್ಪ, ನಮ್ಮ ಹುಡುಗನಿಗೆ ಸ್ವಲ್ಪ ಹೇಳು' ಅಂತ. ಪ್ರತಿ ಸಲ ಅದನ್ನೇ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಬಂದದ್ದು 2009ರಲ್ಲಿ, ಮಾಸ್ಟರ್ಸ್‌ಗೆ. ಸ್ಕಾಲರ್‌ಶಿಪ್ ಜಾಸ್ತಿ ಕೊಟ್ಟರು, ಬಂದೆ. ಹೆಸರಿನಲ್ಲಿದ್ದ 'ಕ್ರಿಶ್ಚಿಯನ್' ಅನ್ನೋ ಪದವನ್ನು ನಮ್ಮೂರ ಕಾನ್ವೆಂಟ್ ಶಾಲೆಯ ಹಾಗೆ ಅಂದುಕೊಂಡಿದ್ದೆ. ಬೆಳಿಗ್ಗೆ ಒಂದು ಪ್ರೇಯರ್, ಆಮೇಲೆ ಎಲ್ಲ ಮಾಮೂಲಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಯೂನಿವರ್ಸಿಟಿಗೆ ಮಾನ್ಯತೆ ಇದೆಯಾ ನೋಡಿ. ವೀಸಾಕ್ಕೆ ಅಂತ ಯೂನಿವರ್ಸಿಟಿ ಕೊಡುವ ಐ-20 ಕಾಗದ ಬಂದ ಮೇಲೆ ಸೆವಿಸ್ ಫೀ (ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡಲು ಅಮೆರಿಕ ಸರ್ಕಾರ ತೆಗೆದುಕೊಳ್ಳುವ ಫೀ) 350 ಡಾಲರ್ ಕಟ್ಟಿ, ರಸೀದಿ ಜೋಪಾನ. ರೂಮು ಬದಲಿಸಿದರೆ 10 ದಿನದೊಳಗೆ ಇಂಟರ್‌ನ್ಯಾಷನಲ್ ಆಫೀಸಿಗೆ ತಿಳಿಸಿ. ಕ್ಲಾಸು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಒಂದು ಕಾಗದದಲ್ಲಿ ಗುಲ್ಬರ್ಗಾ, ಇನ್ನೊಂದರಲ್ಲಿ ಕಲಬುರಗಿ ಅಂತ ಇದ್ದು ಯಾರಾದರೂ ಕೇಳಿದರೆ, 2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲಾಯಿತು ಅನ್ನಿ. ಉಳಿದದ್ದು ಅವರ ವೆಬ್‌ಸೈಟಿನಲ್ಲಿದೆ.

ಆದರೆ ಅಡ್ಮಿಷನ್ ಜೊತೆ ಬರುವ ಒಂದು ಕಾಗದವನ್ನು ದಯವಿಟ್ಟು ಓದಿ. ಅದನ್ನು ಕವನೆಂಟ್ ಅನ್ನುತ್ತಾರೆ. ಹೇಗೆ ಬದುಕಬೇಕು ಅನ್ನೋ ಒಪ್ಪಂದ ಅದು. ಕುಡಿಯುವಂತಿಲ್ಲ, ಸಿಗರೇಟ್ ಇಲ್ಲ, ಹುಡುಗರ ಹಾಸ್ಟೆಲಿಗೆ ಹುಡುಗಿಯರು ಇಂಥ ಹೊತ್ತಿನಲ್ಲಿ ಮಾತ್ರ, ಹೀಗೆ. ಇಲಿನಾಯ್ ರಾಜ್ಯದ ವೀಟನ್ ಕಾಲೇಜು 1860ರಲ್ಲಿ ಶುರುವಾದದ್ದು, ಅಲ್ಲಿ ಕ್ಯಾಂಪಸ್ಸಿನಲ್ಲಿ ಡ್ಯಾನ್ಸಿಗೆ ಒಪ್ಪಿಗೆ ಸಿಕ್ಕಿದ್ದೇ 2003ರಲ್ಲಿ ಅಂದರೆ ಅರ್ಥ ಮಾಡಿಕೊಳ್ಳಿ. ಎಲ್ಲ ಕಡೆ ಹಾಗಿಲ್ಲ. ಕೆಲವು ಕಡೆ ಹೆಸರಿಗಷ್ಟೇ ಚರ್ಚು, ಕೆಲವು ಕಡೆ ನಿಜವಾಗಿಯೂ ಚರ್ಚು. ಡಿಗ್ರಿ ಓದುವವರಿಗೆ ಚಾಪೆಲ್ (ಕ್ಯಾಂಪಸ್ಸಿನ ಪ್ರಾರ್ಥನಾ ಸಭೆ) ಹಾಜರಿ ಎಷ್ಟೋ ಕಡೆ ಕಡ್ಡಾಯ, ಕಾರ್ಡ್ ಸ್ವೈಪ್ ಮಾಡಿ ಲೆಕ್ಕ ಇಡುವವರೂ ಇದ್ದಾರೆ, ಬೈಬಲ್ ಪೇಪರು ಪಾಸಾಗದೆ ಡಿಗ್ರಿ ಸಿಗದ ಕಡೆಯೂ ಉಂಟು. ನಾನು ಇದ್ಯಾವುದನ್ನೂ ಓದಲಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು, ಕರೆಂಟ್ ಹೋಗುವ ಮುಂಚೆ ಮುಗಿಸಬೇಕು ಅಂತ, ಎಲ್ಲದಕ್ಕೂ ಒಪ್ಪಿಗೆ ಒತ್ತಿದೆ.

ಅದಕ್ಕಿಂತ ದೊಡ್ಡ ತಪ್ಪು ಬಂದ ಮೇಲೆ ಆಯಿತು.

ಸಣ್ಣ ಊರು. ಬಸ್ಸಿಲ್ಲ, ಆಟೋದ ಮಾತೇ ಇಲ್ಲ. ದಿನಸಿ ಅಂಗಡಿ ನಾಲ್ಕು ಮೈಲಿ ದೂರ. ಕಾರು ಇದ್ದದ್ದು ಚರ್ಚಿನವರ ಹತ್ತಿರ. ಭಾನುವಾರ ಒಬ್ಬ ವಯಸ್ಸಾದ ತಾಯಿ ಬಂದು ನಮ್ಮನ್ನು ಕೂರಿಸಿಕೊಂಡು ಹೋಗುತ್ತಿದ್ದಳು, ಮೊದಲು ಚರ್ಚು, ಆಮೇಲೆ ಊಟ, ಆಮೇಲೆ ಅಂಗಡಿ. ಅಕ್ಕಿ ಬೇಕಾದರೆ ಪ್ರಾರ್ಥನೆ ದಾಟಿಕೊಂಡೇ ಹೋಗಬೇಕು! ಆಕೆಯ ಮನಸ್ಸಿನಲ್ಲಿ ಮೋಸ ಇರಲಿಲ್ಲ. ನನ್ನ ಮನಸ್ಸಿನಲ್ಲೇ ಸ್ವಲ್ಪ ಇತ್ತು ಅನ್ನಿ.

ಅಕ್ಟೋಬರ್‌ನಲ್ಲಿ ಒಂದು ಸಂಜೆ ಆಕೆ ನನ್ನ ಕೈ ಹಿಡಿದು ಕೇಳಿದಳು, ಯೇಸು ನಿನ್ನ ಬದುಕಿನೊಳಗೆ ಬರಲಿ ಅಂತ ಬಯಸುತ್ತೀಯಾ? ನಾನು 'ಯೆಸ್' ಅಂದೆ. ಬೇರೆ ಏನು ಹೇಳುವುದು? ನಮ್ಮವ್ವ ಸೋಮವಾರ ಶರಣಬಸಪ್ಪನ ಗುಡಿಗೆ ಹೋಗುವವಳು, ಗುರುವಾರ ಬಂದೇನವಾಜರ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬರುವವಳು. ದೇವರು ಮನೆಗೆ ಬರುತ್ತಾನೆ ಅಂದರೆ ಬೇಡ ಅನ್ನುವವರು ಯಾರು? ಅದರ ಮೇಲೆ ಹಿರಿಯರು ಕೇಳಿದಾಗ ಇಲ್ಲ ಅನ್ನಲು ನಮಗೆ ಬಾಯೇ ಬರುವುದಿಲ್ಲ, ಅಲ್ವಾ? ನಮ್ಮಲ್ಲಿ 'ಹೂಂ' ಅಂದರೆ ಕೇಳಿಸಿತು ಅಂತ ಅರ್ಥ, ಅಷ್ಟೇ.

ಮುಂದಿನ ಭಾನುವಾರ ಪಾಸ್ಟರ್ ನನ್ನ ಹೆಸರು ಕೂಗಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ. ದೀಕ್ಷಾಸ್ನಾನಕ್ಕೆ ತಾರೀಕು ಯಾವುದು ಅನುಕೂಲ ಅಂತ ಕೇಳಿದರು. ನನ್ನ ಕೊರಳಲ್ಲಿ ಅಂಗಿಯ ಒಳಗೆ ಲಿಂಗ ಇತ್ತು. ಅವತ್ತು ಅದು ಒಂದು ಮಣ ಭಾರ ಆಗಿತ್ತು. ಮೂರು ವಾರ ಜ್ವರ, ಪರೀಕ್ಷೆ, ಹೊಟ್ಟೆನೋವು ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡೆ. ಕೊನೆಗೆ ಒಂದು ದಿನ ಆಕೆಯ ಅಡುಗೆಮನೆಯಲ್ಲಿ ಕೂತು ಲಿಂಗ ತೋರಿಸಿ ಎಲ್ಲ ಹೇಳಿದೆ. ಆಕೆ ಸಿಟ್ಟಾಗಲಿಲ್ಲ. ಅತ್ತಳು. 'ಅವತ್ತೇ ಹೇಳಬಹುದಿತ್ತಲ್ಲ' ಅಂದಳು. ಆ ಮಾತಿನ ಮುಂದೆ ಸಿಟ್ಟೇ ವಾಸಿಯಿತ್ತು.

ಅದಕ್ಕೇ ಹೇಳುವುದು, ಮೊದಲ ವಾರವೇ ಹೇಳಿಬಿಡಿ. ನಾನು ಇಂಥವನು, ಚರ್ಚಿಗೆ ಬರುತ್ತೇನೆ, ಹಾಡು ಕೇಳುತ್ತೇನೆ, ನಿಮ್ಮ ಪ್ರಾರ್ಥನೆಯ ಹೊತ್ತಿನಲ್ಲಿ ಸುಮ್ನೆ ಕೂರುತ್ತೇನೆ, ಆದರೆ ಮತ ಬದಲಿಸುವುದಿಲ್ಲ. ಇಷ್ಟು ಹೇಳಿದರೆ ಯಾರೂ ಕಾರಿನಿಂದ ಇಳಿಸುವುದಿಲ್ಲ. ಇಳಿಸಿದರೆ ಅಂಥ ಕಾರು ನಿಮಗೂ ಬೇಡ.

ನೀವೇ ಕ್ರೈಸ್ತರಾಗಿದ್ದರೆ ಸುಲಭ ಅಂದುಕೊಳ್ಳಬೇಡಿ. ನನ್ನ ಜೊತೆ ಬೀದರಿನ ಒಬ್ಬ ಹುಡುಗ ಇದ್ದ, ಮೆಥಡಿಸ್ಟ್ ಮನೆತನ, ಅವರ ಮುತ್ಯಾ ಕೂಡ ಕನ್ನಡದಲ್ಲೇ ಕೀರ್ತನೆ ಹಾಡಿದವರು. ಬಂದ ದಿನದಿಂದ ಎಲ್ಲರೂ ಅವನನ್ನು ಕೇಳುತ್ತಿದ್ದದ್ದು ಒಂದೇ, ನೀನು ಯಾವಾಗ ಕನ್ವರ್ಟ್ ಆದೆ? ನನಗಿಂತ ಜಾಸ್ತಿ ಉರಿದುಕೊಂಡವನು ಅವನೇ. ಕ್ರಿಸ್‌ಮಸ್‌ಗೆ ಕನ್ನಡದ ಹಾಡು ಹಾಡುತ್ತೇನೆ ಅಂದರೆ 'ನಿಮ್ಮ ಉಡುಪು ಹಾಕಿಕೊಂಡು ಹಾಡು' ಅಂದರಂತೆ. ಅವನ ಉಡುಪು ಪ್ಯಾಂಟು, ಶರ್ಟು.

ಇನ್ನು ಊಟ. ಮಾಂಸ ತಿನ್ನದವರು ಬೀನ್ಸ್ ಪಲ್ಯ ಕಂಡರೂ ನಂಬಬೇಡಿ, ಅದರಲ್ಲಿ ಹಂದಿಮಾಂಸದ ಚೂರು ಇರುತ್ತದೆ. ಸೂಪಿನಲ್ಲಿ ಕೋಳಿ ಬೇಯಿಸಿದ ನೀರು. ಕೇಳಿಯೇ ತಿನ್ನಿ. ಖಡಕ್ ರೊಟ್ಟಿ ಎಷ್ಟು ಹಿಡಿಸುತ್ತೋ ಅಷ್ಟು ತನ್ನಿ, ಎರಡು ತಿಂಗಳು ಏನೂ ಆಗುವುದಿಲ್ಲ. ಶೇಂಗಾ ಹಿಂಡಿ ಮಾತ್ರ ರೂಮ್‌ಮೇಟನ್ನು ಕೇಳದೆ ತೆಗೆಯಬೇಡಿ. ನಾನು ಡಬ್ಬಿ ತೆಗೆದ ಕೂಡಲೇ ನನ್ನ ರೂಮ್‌ಮೇಟ್ ಮುಖ ಬಿಳಿಚಿಕೊಂಡು ಹೊರಗೆ ಓಡಿದ, ವಾಸನೆಗೆ ಹೇಸಿಕೊಂಡ ಅಂತ ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಆಮೇಲೆ ಗೊತ್ತಾಯಿತು, ಅವನಿಗೆ ಶೇಂಗಾ ಅಲರ್ಜಿ, ತಿಂದರೆ ಪ್ರಾಣಕ್ಕೇ ಅಪಾಯ. ನಮ್ಮ ಕಡೆ ಶೇಂಗಾ ಯಾರಿಗಾದರೂ ವಿಷ ಆದದ್ದು ಕೇಳಿದ್ದೀರಾ?

ಅಸೈನ್‌ಮೆಂಟ್ ಗೆಳೆಯನಿಗೆ ಕೊಡಬೇಡಿ. ನಮ್ಮಲ್ಲಿ ಅದು ಸ್ನೇಹ, ಇಲ್ಲಿ ಕಳ್ಳತನ. ಕೊಟ್ಟವನಿಗೂ ಸೊನ್ನೆ, ಬರೆದುಕೊಂಡವನಿಗೂ ಸೊನ್ನೆ. ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ.

ಡಿಸೆಂಬರ್‌ನಲ್ಲಿ ಎಲ್ಲಿರುತ್ತೀರಿ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಎಷ್ಟೋ ಕಡೆ ರಜೆಗೆ ಹಾಸ್ಟೆಲ್ ಬಾಗಿಲು ಹಾಕುತ್ತಾರೆ, ಮೆಸ್ಸೂ ಬಂದ್. ನನಗೆ ಗೊತ್ತೇ ಇರಲಿಲ್ಲ. ಎರಡು ದಿನ ಮೊದಲು ಬಾಗಿಲಿಗೆ ಚೀಟಿ ಅಂಟಿಸಿದರು. ಯಾರನ್ನು ಕೇಳುವುದು? ಅದೇ ತಾಯಿ ಕಾರು ತಂದಳು. ನನ್ನ ನಿಜ ಗೊತ್ತಾದ ಮೇಲೆ ಆಕೆ ನನ್ನನ್ನು ಚರ್ಚಿಗೆ ಕರೆದಿರಲಿಲ್ಲ, ಅವತ್ತೂ ಕರೆಯಲಿಲ್ಲ. ಮೂರು ವಾರ ಇಟ್ಟುಕೊಂಡಳು. ಅಲ್ಲಿಂದಲೇ ಊರಿಗೆ ಫೋನ್ ಮಾಡಿದಾಗ ಯಾರೂ ಎತ್ತಲಿಲ್ಲ. ಎಳ್ಳಮಾವಾಸ್ಯೆ. ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಕೂತು ಸಜ್ಜಿ ರೊಟ್ಟಿ, ಭಜ್ಜಿ ಉಣ್ಣುತ್ತಿದ್ದರು. ನನ್ನ ಕಿಟಕಿಯ ಹೊರಗೆ ಮೊಣಕಾಲುದ್ದ ಹಿಮ. ಹಬ್ಬ ಮರೆತೆ ಅನ್ನೋದಕ್ಕಿಂತ, ನಾನಿಲ್ಲದೆ ಹಬ್ಬ ನಡೆಯುತ್ತಿದೆ ಅನ್ನೋದೇ ಹೆಚ್ಚು ಚುಚ್ಚಿತು.

ಈಗ ನನ್ನ ಮಗಳಿಗೆ ಒಂಬತ್ತು. ಊಟದ ಮುಂಚೆ ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ದೇವರಿಗೆ ಥ್ಯಾಂಕ್ಸ್ ಹೇಳುತ್ತಾಳೆ, ಗೆಳತಿಯರ ಮನೆಯಲ್ಲಿ ಕಲಿತದ್ದು. ಬೇಡ ಅನ್ನುವುದಿಲ್ಲ. ನಮ್ಮವ್ವ ಮೊದಲ ತುತ್ತಿಗೆ 'ಶಿವಾ' ಅನ್ನುತ್ತಿದ್ದಳು, ಅದನ್ನು ನಾನು ಹೇಳಿಕೊಡಲಿಲ್ಲ. ಯಾಕೆ ಅಂದರೆ ನಾನೇ ಯಾವತ್ತೋ ಬಿಟ್ಟಿದ್ದೆ. ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ಮಗಳು ಹುಟ್ಟಿದಾಗ ಆ ತಾಯಿ ಕೈಯಲ್ಲಿ ಹೊಲಿದ ಕ್ವಿಲ್ಟ್ ಕಳಿಸಿದಳು. ಬಿಚ್ಚಿ ನೋಡಿದರೆ ಥೇಟ್ ನಮ್ಮ ಕೌದಿ! ಹಳೇ ಬಟ್ಟೆಯ ತುಂಡು, ಅದೇ ಸಾಲು ಸಾಲು ಹೊಲಿಗೆ. ಅವ್ವನಿಗೆ ಫೋಟೋ ಕಳಿಸಿದರೆ ಹೊಲಿಗೆ ದೂರ ದೂರ ಆಯ್ತು ಅಂದಳು.

ಹಾಂ, ಕೌದಿ ಅಂದ ಮೇಲೆ ನೆನಪಾಯಿತು. ಒಂದು ಬ್ಯಾಗಿಗೆ 23 ಕಿಲೋ ಅಂತ ಲೆಕ್ಕ ಹಾಕಿ ಎಲ್ಲರೂ ಕೌದಿ ಬಿಟ್ಟು ಕುಕ್ಕರ್ ತುಂಬಿಕೊಂಡು ಬರುತ್ತೀರಿ. ಕುಕ್ಕರ್ ಇಲ್ಲೂ ಸಿಗುತ್ತದೆ.