ಹಳೆಯ ಕಂಪ್ಯೂಟರ್, ಹಳೆಯ ನುಡಿ ಫೈಲುಗಳು: ಸಂಸ್ಥೆಯ ಕಚೇರಿಗೆ ಮುಕ್ತ ತಂತ್ರಾಂಶ ತರುವುದು ಹೇಗೆ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ 8ನೇ ತಲೆಮಾರಿಗಿಂತ ಹಿಂದಿನ ಬಹುತೇಕ ಕಂಪ್ಯೂಟರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಯಾರೋ ಕೊಟ್ಟ ಹಳೆಯ ಯಂತ್ರಗಳಲ್ಲೇ ಕೆಲಸ ಸಾಗಿಸುವ ಸ್ವಯಂಸೇವಾ ಸಂಸ್ಥೆಗಳಿಗೆ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಮ್) ಮತ್ತು ಲಿಬ್ರೆ ಆಫೀಸ್ (ವರ್ಡ್, ಎಕ್ಸೆಲ್ ಕೆಲಸಗಳಿಗೆ ಮುಕ್ತ ತಂತ್ರಾಂಶ) ಒಳ್ಳೆಯ ದಾರಿ.

ಲಿನಕ್ಸ್ ಹಾಕುವುದು ದೊಡ್ಡ ಕೆಲಸವೇನಲ್ಲ. ಕರ್ನಾಟಕದ ಕಚೇರಿಗಳಲ್ಲಿ ಕೆಲಸ ಸಿಕ್ಕಿಬೀಳುವುದು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಾದ ನಡಾವಳಿ, ವರದಿ, ಫಲಾನುಭವಿಗಳ ಪಟ್ಟಿಗಳಲ್ಲಿ. ಹಾಗಾಗಿ ಮೊದಲು ಆಫೀಸ್ ತಂತ್ರಾಂಶ, ಆಮೇಲೆ ಕನ್ನಡ ಫೈಲುಗಳು, ಕೊನೆಗೆ ಆಪರೇಟಿಂಗ್ ಸಿಸ್ಟಮ್. ಈ ಕ್ರಮ ತಿರುವುಮುರುವಾದರೆ ಸಿಬ್ಬಂದಿ ವಾರದೊಳಗೆ ‘ಹಳೆಯದನ್ನೇ ಹಾಕಿಕೊಡಿ’ ಎನ್ನುತ್ತಾರೆ.

ವಿಂಡೋಸ್‌ನಲ್ಲಿದ್ದಾಗಲೇ ಲಿಬ್ರೆ ಆಫೀಸ್

ಈಗಿರುವ ವಿಂಡೋಸ್ ಮೇಲೆಯೇ ಲಿಬ್ರೆ ಆಫೀಸ್ ಹಾಕಿ, ಒಂದೆರಡು ತಿಂಗಳು ದಿನನಿತ್ಯದ ಕೆಲಸ ಅದರಲ್ಲೇ ನಡೆಯಲಿ. ಲಿಬ್ರೆ ಆಫೀಸ್‌ನ ಸೆಟ್ಟಿಂಗ್ಸ್‌ನ ಭಾಷಾ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಕನ್ನಡ ಆರಿಸಿ. ಲಿಬ್ರೆ ಆಫೀಸ್ ಇಂಗ್ಲಿಷ್ ಮತ್ತು ಕನ್ನಡಕ್ಕೆ ಪ್ರತ್ಯೇಕ ಫಾಂಟ್ ಇಟ್ಟುಕೊಳ್ಳುತ್ತದೆ. ಎರಡನ್ನೂ ಸ್ಟೈಲ್‌ನಲ್ಲಿಯೇ ನಿಗದಿ ಮಾಡಿದರೆ ಪ್ರತಿ ಪತ್ರದಲ್ಲೂ ಫಾಂಟ್ ಬದಲಿಸುವ ತಾಪತ್ರಯ ಇರುವುದಿಲ್ಲ. ಕಚೇರಿಯೊಳಗಿನ ಫೈಲುಗಳು ಲಿಬ್ರೆ ಆಫೀಸ್‌ನದೇ ಆದ ಓಡಿಟಿ ರೂಪದಲ್ಲಿ ಇರಲಿ, ಹೊರಗೆ ಹೋಗುವವು ಪಿಡಿಎಫ್ ಆಗಲಿ. ದಾನಿ ಸಂಸ್ಥೆ ವರ್ಡ್ ಫೈಲನ್ನೇ ಕೇಳಿದರೆ ಡಾಕ್ಸ್ ರೂಪದಲ್ಲಿ ಒಂದು ಪ್ರತಿ ಉಳಿಸಿ ಕಳಿಸಬಹುದು. ಮ್ಯಾಕ್ರೋ (ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ತುಂಬಿದ ಎಕ್ಸೆಲ್ ನಮೂನೆಗಳು ಮಾತ್ರ ಇಲ್ಲಿ ಸರಿಯಾಗಿ ನಡೆಯುತ್ತವೆಂದು ನಂಬಬೇಡಿ.

ನುಡಿಯಿಂದ ಯೂನಿಕೋಡ್‌ಗೆ

ಆಸ್ಕಿ ಫಾಂಟಿನ ಫೈಲಿನಲ್ಲಿ ನಿಜವಾಗಿ ಇರುವುದು ಲ್ಯಾಟಿನ್ ಅಕ್ಷರಗಳು. ಫಾಂಟ್ ಅವುಗಳಿಗೆ ಕನ್ನಡದ ರೂಪ ಕೊಟ್ಟಿರುತ್ತದೆ, ಅಷ್ಟೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಹೆಸರು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ ಕ್ರಮ ತಪ್ಪುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿವೆ. ಪರಿವರ್ತನೆಗೆ ಬ್ರೌಸರಿನಲ್ಲೇ ಕೆಲಸ ಮಾಡುವ ಮುಕ್ತ ಆಕರದ ಆಸ್ಕಿ–ಯೂನಿಕೋಡ್ ಪರಿವರ್ತಕಗಳಿವೆ. ಆದರೆ ಫೈಲನ್ನು ಇಡಿಯಾಗಿ ಅಂಟಿಸಿದರೆ ನಡುವೆ ಇರುವ ಇಂಗ್ಲಿಷ್ ಪದಗಳೂ ಕನ್ನಡದ ಅಕ್ಷರಗಳಾಗಿ ಕಲಸಿಹೋಗುತ್ತವೆ. ಯಾವುದು ಇಂಗ್ಲಿಷ್, ಯಾವುದು ನುಡಿ ಎಂದು ಪರಿವರ್ತಕಕ್ಕೆ ಗೊತ್ತಾಗುವುದಿಲ್ಲ.

ಇದಕ್ಕೊಂದು ಉಪಾಯವಿದೆ. ಲಿಬ್ರೆ ಆಫೀಸ್‌ನ ಬರವಣಿಗೆ ವಿಭಾಗವಾದ ರೈಟರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ, ‘ಫಾರ್ಮ್ಯಾಟ್’ನಲ್ಲಿ ನುಡಿ ಫಾಂಟ್ ಆರಿಸಿ, ಹುಡುಕುವ ಪದದ ಜಾಗ ಖಾಲಿ ಬಿಟ್ಟು ‘ಫೈಂಡ್ ಆಲ್’ ಕೊಡಿ. ನುಡಿಯಲ್ಲಿರುವ ಭಾಗವೆಲ್ಲ ಆಯ್ಕೆಯಾಗುತ್ತದೆ. ಅದಕ್ಕೆ ಹಳದಿ ಬಣ್ಣ ಕೊಡಿ. ಬಣ್ಣವಿಲ್ಲದೆ ಉಳಿದ ಪದಗಳನ್ನು ಬಿಟ್ಟು ಪರಿವರ್ತಿಸಿ. ರಕಾರದ ಅರ್ಕಾವತ್ತು ಇರುವ ಪದಗಳನ್ನು ಬಿಡದೆ ಓದಿ ನೋಡಬೇಕು: ಆಸ್ಕಿಯಲ್ಲಿ ಅದು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ‘ವರ್ಷ’, ‘ಕಾರ್ಯ’ದಂಥ ಪದಗಳು ಕೆಡುವುದು ಇದರಿಂದಲೇ.

ಪಟ್ಟಿಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಇಡೀ ಹಾಳೆಯನ್ನು ಪರಿವರ್ತಿಸಿದರೆ ಬ್ಯಾಂಕ್ ಖಾತೆ, ಫೋನ್ ಸಂಖ್ಯೆಗಳೂ ಕನ್ನಡ ಅಂಕಿಗಳಾಗಬಹುದು. ಹೆಸರು, ಊರಿನ ಕಾಲಮ್ಮುಗಳನ್ನು ಮಾತ್ರ ಒಂದೊಂದಾಗಿ ನಕಲಿಸಿ, ಪರಿವರ್ತಿಸಿ, ಪಕ್ಕದ ಹೊಸ ಕಾಲಮ್ಮಿನಲ್ಲಿ ಅಂಟಿಸಿ. ಒಂದೇ ಕೋಶದಲ್ಲಿ ಎರಡು ಸಾಲು ಬರೆದಿದ್ದರೆ ಅಲ್ಲಿಂದ ಕೆಳಗಿನ ಹೆಸರುಗಳೆಲ್ಲ ಒಂದು ಸಾಲು ಜಾರಿ, ಒಬ್ಬರ ಹೆಸರಿನ ಎದುರು ಇನ್ನೊಬ್ಬರ ಖಾತೆ ಕೂರುತ್ತದೆ! ಅಂಥ ಕೋಶಗಳನ್ನು ಮೊದಲೇ ಸರಿಮಾಡಿ, ಕೊನೆಯ ಸಾಲಿನ ಸಂಖ್ಯೆ ಎರಡೂ ಕಾಲಮ್ಮಿನಲ್ಲಿ ಒಂದೇ ಇದೆಯೇ ನೋಡಿ. ಪರಿಶೀಲನೆ ಮುಗಿಯುವ ತನಕ ಹಳೆಯ ಕಾಲಮ್ ಅಳಿಸಬೇಡಿ. ಎಲ್ಲ ಫೈಲುಗಳನ್ನೂ ಬದಲಿಸುವ ಹಟ ಬೇಡ. ಬಳಕೆಯಲ್ಲಿರುವ ಪಟ್ಟಿ, ನಮೂನೆ, ಕಳೆದ ಮೂರು ವರ್ಷದ ನಡಾವಳಿ ಸಾಕು. ಉಳಿದವನ್ನು ಪಿಡಿಎಫ್ ಮಾಡಿಟ್ಟರೆ ಓದಲಿಕ್ಕಂತೂ ಆಗುತ್ತದೆ.

ಲಿನಕ್ಸ್: ಮೊದಲು ಪರೀಕ್ಷೆ

ಹಳೆಯ ಯಂತ್ರಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಂದುತ್ತದೆ. 4 ಜಿಬಿ ರ್‍ಯಾಮ್ ಇರಲಿ. ಸಾಧ್ಯವಾದರೆ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ವೇಗದಲ್ಲಿ ದೊಡ್ಡ ವ್ಯತ್ಯಾಸ ಬರುವುದು ಅಲ್ಲಿಯೇ. 8 ಜಿಬಿ ಪೆನ್‌ಡ್ರೈವ್‌ಗೆ ರುಫಸ್ ಎಂಬ ತಂತ್ರಾಂಶ ಬಳಸಿ ಮಿಂಟ್‌ನ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಮಾಡುವ ಫೈಲ್) ಬರೆಯಿರಿ (ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ). ಕಂಪ್ಯೂಟರ್ ಶುರುವಾಗುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್‌ನಿಂದ ತೆರೆಯಿರಿ. ಇನ್‌ಸ್ಟಾಲ್ ಮಾಡದೆಯೇ ವೈಫೈ, ಸ್ಕ್ಯಾನರ್, ಪ್ರೊಜೆಕ್ಟರ್, ಪ್ರಿಂಟರ್ ಎಲ್ಲವನ್ನೂ ಒಮ್ಮೆ ಪರೀಕ್ಷಿಸಬಹುದು. ಪೆನ್‌ಡ್ರೈವ್‌ನಿಂದ ನಿಧಾನವಾಗಿಯೇ ನಡೆಯುತ್ತದೆ, ಅದನ್ನು ನೋಡಿ ತೀರ್ಪು ಕೊಡಬೇಡಿ.

ತಲೆನೋವು ಹೆಚ್ಚು ಪ್ರಿಂಟರಿನದು. ಕಚೇರಿಗಳಲ್ಲಿ ತುಂಬಾ ಕಾಣುವ ಕ್ಯಾನನ್ ಎಲ್‌ಬಿಪಿ 2900ಗೆ ಪ್ರತ್ಯೇಕ ಡ್ರೈವರ್ ಬೇಕು, ಹೊಸ ಲಿನಕ್ಸ್‌ಗಳಲ್ಲಿ ಅದು ಸುಲಭವಾಗಿ ಕೂರುವುದಿಲ್ಲ. ಅಂಥ ಪ್ರಿಂಟರನ್ನು ವಿಂಡೋಸ್ ಯಂತ್ರಕ್ಕೇ ಜೋಡಿಸಿಟ್ಟು, ಪಿಡಿಎಫ್ ಕಳಿಸಿ ಮುದ್ರಿಸುವುದು ಸಲೀಸು.

ಇನ್‌ಸ್ಟಾಲ್‌ಗೆ ಮೊದಲು ಎಲ್ಲ ಫೈಲುಗಳನ್ನೂ ಎರಡು ಬೇರೆ ಡಿಸ್ಕ್‌ಗಳಿಗೆ ನಕಲಿಸಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡಿ. ವಿಂಡೋಸ್ ಜೊತೆಗೇ ಇರಲಿ ಎನ್ನುವುದಾದರೆ ಅದರ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿಬಿಡಿ. ಇಲ್ಲವಾದರೆ ವಿಂಡೋಸ್ ಭಾಗದ ಫೈಲುಗಳನ್ನು ಲಿನಕ್ಸ್‌ನಿಂದ ಓದಬಹುದೇ ಹೊರತು ತಿದ್ದಲಾಗದ ಸ್ಥಿತಿ ಬರುತ್ತದೆ.

ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಕೀಲಿಮಣೆ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಲಾಗ್‌ಔಟ್ ಆಗದಿದ್ದರೆ ಕನ್ನಡ ಪಟ್ಟಿಯಲ್ಲಿ ಕಾಣಿಸದೇ ಹೋಗಬಹುದು. ಅಲ್ಲಿ ‘ಕೆಜಿಪಿ’ ಆರಿಸಿದರೆ ನುಡಿಯ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ. ಕೈಗೆ ರೂಢಿಯಾದದ್ದನ್ನು ಮರೆಯಬೇಕಿಲ್ಲ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಇವೆ. ಹಳೆಯ ವರ್ಡ್ ಫೈಲುಗಳ ಸಾಲು, ಪುಟ ಜಾರದಿರಲು ಕಾರ್ಲಿಟೊ, ಕ್ಯಾಲಡಿಯಾ ಫಾಂಟುಗಳನ್ನೂ ಹಾಕಿ. ಕ್ಯಾಲಿಬ್ರಿ, ಕ್ಯಾಂಬ್ರಿಯಾದ ಅಗಲಕ್ಕೆ ಸರಿಯಾಗಿ ಮಾಡಿದವು ಅವು.

ಟ್ಯಾಲಿ ಲಿನಕ್ಸ್‌ಗೆ ಬರುವುದಿಲ್ಲ. ಗ್ನುಕ್ಯಾಶ್ ಒಳ್ಳೆಯ ಜೋಡಿ ನಮೂದಿನ ಲೆಕ್ಕ ತಂತ್ರಾಂಶ, ನಿಜ. ಆದರೆ ಆಡಿಟರ್ ಟ್ಯಾಲಿ ಡೇಟಾ ಕೇಳುವವರಾದರೆ ಮೊದಲ ವರ್ಷ ಲೆಕ್ಕಪತ್ರವನ್ನು ಮುಟ್ಟಬೇಡಿ. ಡಿಜಿಟಲ್ ಸಹಿಯ ಟೋಕನ್ ಕೂಡ ವಿಂಡೋಸ್‌ನಲ್ಲೇ ಹೆಚ್ಚು ನಿಶ್ಚಿಂತೆ. ಇವೆರಡಕ್ಕೆ, ಇರುವುದರಲ್ಲಿ ಹೊಸದಾದ, ವಿಂಡೋಸ್ 11 ಹಾಕಬಹುದಾದ ಒಂದು ಯಂತ್ರವನ್ನು ಮೀಸಲಿಡಿ.