ಡರ್ಟ್ ಬೈಕಿನ ಚೈನ್ ಲಿಂಕ್ ತೆಗೆಯಲು ಎಂಥ ಕಟ್ಟರ್ ಬೇಕು: ನನ್ನ ಅನುಭವ

ಚೈನಿನ ಪಿನ್ನನ್ನು ಸ್ಕ್ರೂನಿಂದ ತಳ್ಳಿ ಲಿಂಕ್ ಬಿಡಿಸುವ ಸಲಕರಣೆಯೇ ಕಟ್ಟರ್. ಅದನ್ನು ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಚೈನಿನ ಹೊರ ಪ್ಲೇಟನ್ನು ಒರೆಸಿ ನೋಡಬೇಕು. ನವಲಗುಂದ, ಅಣ್ಣಿಗೇರಿ, ನರಗುಂದದ ಕಡೆ ಓಡಿದ ಗಾಡಿಯಾದರೆ ಎರೆಮಣ್ಣು ಒಣಗಿ ಸಿಮೆಂಟಿನ ಹಾಗೆ ಕೂತಿರುತ್ತದೆ. ಚಿಮಣಿ ಎಣ್ಣೆಯಲ್ಲಿ ಅದ್ದಿದ ನೈಲಾನ್ ಬ್ರಷ್ಷಿನಿಂದ ತಿಕ್ಕಿದರೆ ಬಿಡುತ್ತದೆ. ಪೆಟ್ರೋಲ್ ಬೇಡ, ಓ-ರಿಂಗ್ (ಪ್ಲೇಟುಗಳ ನಡುವಿನ ರಬ್ಬರ್ ಬಳೆ) ಇರುವ ಚೈನಿನಲ್ಲಿ ಅದು ರಬ್ಬರನ್ನು ಕೆಡಿಸುತ್ತದೆ. ಮಣ್ಣು ಹೋದ ಮೇಲೆ ಪ್ಲೇಟಿನ ಮೇಲೆ ಒತ್ತಿದ ಅಂಕಿ ಕಾಣುತ್ತದೆ: 520, 428 ಅಥವಾ 420. ಯಾವ ಕಟ್ಟರ್ ಬೇಕು ಅನ್ನುವುದನ್ನು ತೀರ್ಮಾನಿಸುವುದು ಈ ಅಂಕಿಯೇ. ಬೈಕಿನ ಹೆಸರು ಹೇಳಿ ಕಟ್ಟರ್ ಕೇಳಿದರೆ ಉಪಯೋಗವಿಲ್ಲ, ಯಾಕೆಂದರೆ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಸೆಟ್ ಬದಲಿಸಿದ ಗಾಡಿಗಳಲ್ಲಿ ಚೈನಿನ ಅಳತೆಯೂ ಬದಲಾಗಿರಬಹುದು.

ಮೊದಲ ಅಂಕಿಯನ್ನು ಇಂಚಿನ ಎಂಟನೇ ಭಾಗಗಳೆಂದು ಓದಬೇಕು. 520 ಅಂದರೆ ಪಿನ್ನಿಂದ ಪಿನ್ನಿಗೆ 5/8 ಇಂಚು, ಅಂದರೆ 15.875 ಮಿಮೀ. 428 ಮತ್ತು 420 ಎರಡರಲ್ಲೂ ಅದು 4/8 ಇಂಚು, 12.7 ಮಿಮೀ. ಉಳಿದ ಎರಡು ಅಂಕಿ ಒಳ ಅಗಲ ಹೇಳುತ್ತವೆ: 520 ಮತ್ತು 420ಕ್ಕೆ 6.35 ಮಿಮೀ, 428ಕ್ಕೆ 7.94 ಮಿಮೀ. 250 ಸಿಸಿ ಮತ್ತು ಅದಕ್ಕಿಂತ ಮೇಲಿನ ಮೋಟೋಕ್ರಾಸ್ ಗಾಡಿಗಳಿಗೆ ಸಾಮಾನ್ಯವಾಗಿ 520 ಇರುತ್ತದೆ. ಆರ್‌ಎಕ್ಸ್ 100ನಂಥ ಗಾಡಿಯನ್ನು ಮಣ್ಣಿಗೆ ಇಳಿಸಿದವರ ಹತ್ತಿರ 428, ಮಕ್ಕಳ ಸಣ್ಣ ಪಿಟ್ ಬೈಕಿನಲ್ಲಿ ಹೆಚ್ಚಾಗಿ 420.

ಕಟ್ಟರಿಗೆ ಮುಖ್ಯವಾದದ್ದು ಪಿನ್ನಿನ ದಪ್ಪ. 520ರ ಪಿನ್ನು 5 ಮಿಮೀಗೂ ಸ್ವಲ್ಪ ಹೆಚ್ಚು, 428ರದ್ದು ನಾಲ್ಕೂವರೆಯ ಹತ್ತಿರ, 420ರದ್ದು 4 ಮಿಮೀ ಆಸುಪಾಸು. ಈ ಪಿನ್ನು ಎರಡೂ ಹೊರ ಪ್ಲೇಟುಗಳಲ್ಲಿ ಬಿಗಿಯಾಗಿ ಒತ್ತಿ ಕೂತಿರುತ್ತದೆ, ತುದಿಯನ್ನು ಬೇರೆ ಬಡಿದು ಅಗಲ ಮಾಡಿರುತ್ತಾರೆ. ಸೈಕಲ್ ಅಂಗಡಿಯ ಕಟ್ಟರ್ ತಂದು 420 ಚೈನಿಗೆ ಹಾಕುವವರಿದ್ದಾರೆ. ಸೈಕಲ್ ಚೈನಿನ ಪಿಚ್ಚೂ, ಅಂದರೆ ಪಿನ್ನಿಂದ ಪಿನ್ನಿನ ದೂರವೂ, 12.7 ಮಿಮೀ ಇರುವುದರಿಂದ ಹೊಂದುತ್ತದೆ ಅನ್ನಿಸುತ್ತದೆ. ಹೊಂದುವುದಿಲ್ಲ. ಅದರ ಬಾಡಿ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಪಿನ್ನು ತಳ್ಳುವ ಅದರ ಮೊಳೆ ಬಾಗುತ್ತದೆ.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಒಂದು, ಬರೀ ಪಿನ್ನು ತಳ್ಳುವ ಸಾದಾ ಸ್ಕ್ರೂ ಕಟ್ಟರ್. ಇನ್ನೊಂದು ಮೂರು ಕೆಲಸದ ಕಿಟ್: ಪಿನ್ನು ತಳ್ಳುವುದು, ಹೊಸ ಪ್ಲೇಟ್ ಒತ್ತುವುದು, ಪಿನ್ನಿನ ತುದಿ ಅರಳಿಸಿ ರಿವೆಟ್ ಮಾಡುವುದು. ಡಿಐಡಿಯ ಕೆಎಂ500ಆರ್, ಮೋಷನ್ ಪ್ರೋದ ಪಿಬಿಆರ್ ಈ ಎರಡನೇ ಬಗೆಯವು. ಕೆಎಂ500ಆರ್ 500 ಸರಣಿಯ ಚೈನಿಗೆ ಮಾಡಿದ್ದು. ಅದೇ ಆಕಾರದ, ಹೆಸರಿಲ್ಲದ ಕಿಟ್‌ಗಳು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕಡಿಮೆ ದುಡ್ಡಿಗೆ ಬರುತ್ತವೆ. ನನ್ನ ಅಭಿಪ್ರಾಯ ಇಷ್ಟು: ನಿಮ್ಮ ಚೈನಿಗೆ ಕ್ಲಿಪ್ ಇರುವ ಚೈನ್ ಲಾಕ್ (ಚೈನಿನ ಎರಡು ತುದಿ ಕೂಡಿಸುವ ಲಿಂಕ್) ಹಾಕುವುದಾದರೆ ರಿವೆಟ್ ಕಿಟ್ಟಿಗೆ ದುಡ್ಡು ಹಾಕಬೇಡಿ. ಅದೇ ದುಡ್ಡಿನಲ್ಲಿ ಗಟ್ಟಿಮುಟ್ಟಾದ ಸಾದಾ ಕಟ್ಟರ್, ಎರಡು ಹೆಚ್ಚುವರಿ ಮೊಳೆ, ಅಳೆಯಲು ಒಂದು ಒಳ್ಳೆಯ ವರ್ನಿಯರ್ ಬರುತ್ತದೆ. ಮಣ್ಣಿನ ಗಾಡಿಯಲ್ಲಿ ಸ್ಪ್ರಾಕೆಟ್ ಬದಲಿಸಲು, ತೊಳೆಯಲು ಚೈನ್ ಮತ್ತೆ ಮತ್ತೆ ಬಿಚ್ಚಬೇಕಾಗುತ್ತದೆ. ಅದಕ್ಕೆ ಕ್ಲಿಪ್ಪೇ ಸರಿ.

ಕಟ್ಟರನ್ನು ಕೈಗೆ ತೆಗೆದುಕೊಂಡು ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ತಳ್ಳುವ ಮೊಳೆಯ ಕಡೆ. ಹೆಚ್ಚೂಕಡಿಮೆ ಕಡ್ಡಿಪೆಟ್ಟಿಗೆಯ ಎರಡು ಕಡ್ಡಿ ಸೇರಿಸಿದಷ್ಟು ದಪ್ಪದ ಉಕ್ಕಿನ ತುಂಡು ಅದು, ಇಡೀ ಕಟ್ಟರಿನ ಬಲ ಅದರ ತುದಿಯಲ್ಲಿ ಬಂದು ನಿಲ್ಲುತ್ತದೆ. ಮೂರು ವಿಷಯ ನೋಡಬೇಕು. ಮೊಳೆ ಸ್ಕ್ರೂನಿಂದ ಬೇರೆಯಾಗಿ ಬರುವಂತಿರಬೇಕು, ಮುರಿದರೆ ಅದೊಂದನ್ನೇ ಬದಲಿಸಬಹುದು. ಸ್ಕ್ರೂನೊಂದಿಗೆ ಒಂದೇ ತುಂಡಾಗಿ ಕಡೆದಿದ್ದರೆ ಮುರಿದ ದಿನವೇ ಕಟ್ಟರ್ ಗುಜರಿಗೆ. ಎರಡನೆಯದು, ಮೊಳೆಯ ಸುತ್ತ ಒಂದು ಗೈಡ್ ಬುಷ್ ಇದ್ದು, ಹೊರಗೆ ಕಾಣುವ ಉದ್ದ ಕಡಿಮೆ ಇರಬೇಕು. ಉದ್ದ ಹೆಚ್ಚಾದಷ್ಟೂ ಬಾಗುವುದು ಬೇಗ. ಮೂರನೆಯದು, ತುದಿ ಸಪಾಟಾಗಿರಬೇಕು. ದುಂಡಗಾಗಿದ್ದರೆ ಒತ್ತಡ ಬಿದ್ದಾಗ ಪಕ್ಕಕ್ಕೆ ಜಾರುತ್ತದೆ.

ಎದುರಿನ ದವಡೆಯ ತೂತು 520ರ ಪಿನ್ನು ಸಲೀಸಾಗಿ ಹೋಗುವಷ್ಟು, ಸುಮಾರು 6 ಮಿಮೀ ಇರಬೇಕು. ಸ್ಕ್ರೂನ ಮರೆ, ಅಂದರೆ ಸುರುಳಿ ಎಳೆಗಳು, ಒರಟಾಗಿದ್ದರೆ ಬಿಡಿ. ತಿರುಗಿಸುವ ಕಡೆ ಬರೀ ಸಣ್ಣ ಅಡ್ಡಕಡ್ಡಿ ಇದ್ದರೆ ಸಾಲದು, ಪಾನಾ ಕೂರುವ ಆರು ಮೂಲೆಯ ತಲೆ ಇರಲಿ. ಜೋರು ಬೀಳುವಾಗ ಕಟ್ಟರಿನ ಬಾಡಿಗೆ ಇನ್ನೊಂದು ಪಾನಾ ಹಾಕಿ ಹಿಡಿಯುವ ಜಾಗವೂ ಇದ್ದರೆ ಚೈನ್ ತಿರುಚಿಕೊಳ್ಳುವುದಿಲ್ಲ.

ಇನ್ನೊಂದು ಎಡವಟ್ಟು ಬಹಳ ಜನರಿಗೆ ಗೊತ್ತಾಗುವುದಿಲ್ಲ. 520 ಚೈನಿನ ಪ್ಲೇಟಿನ ಎತ್ತರ ಸುಮಾರು 15 ಮಿಮೀ, 428ರದ್ದು ಸುಮಾರು 12. ಚೈನ್ ಕೂರುವ ತಳ ಗಟ್ಟಿಯಾಗಿ ನಿಂತ ಕಟ್ಟರಿನಲ್ಲಿ 520ಕ್ಕೆ ಸರಿಯಾದದ್ದು 428ಕ್ಕೆ ಸರಿಯಾಗುವುದಿಲ್ಲ. ಚೈನ್ ಕೆಳಗೆ ಕೂತು, ಮೊಳೆ ಪಿನ್ನಿನ ನಡುವಿಗಿಂತ ಒಂದೂವರೆ ಮಿಮೀ ಮೇಲೆ ಬಂದು ಪ್ಲೇಟಿಗೆ ತಾಗುತ್ತದೆ. ಒಂದೂವರೆ ಮಿಮೀ ದಪ್ಪದ ತಗಡಿನ ತುಂಡನ್ನು ಚೈನಿನ ಅಡಿಗೆ ಇಟ್ಟರೆ ಎತ್ತರ ಸರಿಹೋಗುತ್ತದೆ. ಎರಡೂ ಬಗೆಯ ಗಾಡಿ ಇರುವವರು ಈ ತಗಡನ್ನು ಕಟ್ಟರಿನ ಜೊತೆಗೇ ಇಟ್ಟುಕೊಳ್ಳಬೇಕು.

ಮೊಳೆ ಮುರಿದರೆ ಲೇಥಿನವರ ಹತ್ತಿರ ಮೆತ್ತಗಿನ ಸಾದಾ ರಾಡಿನಿಂದ ಕಡೆಸಬೇಡಿ, ಮೊದಲ ಪಿನ್ನಿಗೇ ತುದಿ ಅಣಬೆಯಂತೆ ಅರಳುತ್ತದೆ. ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ಟೂಲ್ ರೂಮ್ ಕೆಲಸ ಗೊತ್ತಿರುವವರನ್ನು ವಿಚಾರಿಸಿ, ಪ್ಲಾಸ್ಟಿಕ್ ಅಚ್ಚುಗಳಲ್ಲಿ ಬಳಸುವ ಇಜೆಕ್ಟರ್ ಪಿನ್ನನ್ನು ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳುವುದು ಒಳ್ಳೆಯದು. ಅದು ಮೊದಲೇ ಹದ ಮಾಡಿದ ಉಕ್ಕು. ಕತ್ತರಿಸುವಾಗ ನೀರು ಬಿಡುತ್ತಾ ಕತ್ತರಿಸಬೇಕು, ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತು ಅಂತ ಲೆಕ್ಕ.

ಈಗ ಕೆಲಸದ ವಿಷಯ. ಕಟ್ಟರ್ ಎಷ್ಟೇ ದುಬಾರಿಯಾಗಿರಲಿ, ಪಿನ್ನಿನ ಅರಳಿದ ತಲೆಯನ್ನು ಉಜ್ಜದೆ ತಳ್ಳಬಾರದು. ಮೊಳೆ ಮುರಿಯುವುದು ಹೆಚ್ಚಾಗಿ ಇದೇ ಕಾರಣಕ್ಕೆ, ದೋಷ ಮಾತ್ರ ಕಟ್ಟರಿನ ಮೇಲೆ ಬೀಳುತ್ತದೆ. 100 ಮಿಮೀ ಗ್ರೈಂಡರಿಗೆ ಉಜ್ಜುವ ದಪ್ಪ ಚಕ್ರ ಹಾಕಿ, ತೆಗೆಯಬೇಕಾದ ಹೊರ ಲಿಂಕಿನ ಎರಡೂ ಪಿನ್ನಿನ ತಲೆಗಳನ್ನು ಪ್ಲೇಟಿನ ಮಟ್ಟಕ್ಕೆ ತರಬೇಕು. ಅರ ಹಾಕಿ ಉಜ್ಜುವುದು ವ್ಯರ್ಥ, ಪಿನ್ನು ಗಡಸು ಉಕ್ಕು, ಅರ ಜಾರುತ್ತದೆ. ಉಜ್ಜುತ್ತಾ ಹೋದಂತೆ ಒಂದು ಹಂತದಲ್ಲಿ ಪಿನ್ನಿನ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ದುಂಡು ಗೆರೆ ಕಾಣುತ್ತದೆ. ಅದು ಪಿನ್ನಿಗೂ ಪ್ಲೇಟಿಗೂ ನಡುವಿನ ಸಂದು. ಗೆರೆ ಪೂರ್ತಿ ಸುತ್ತು ಬಂದಿತೆಂದರೆ ತಲೆ ಹೋಯಿತು. ಅರ್ಧ ಸುತ್ತು ಮಾತ್ರ ಕಂಡರೆ ಇನ್ನೊಂದು ಬದಿಯಲ್ಲಿ ತಲೆ ಉಳಿದಿದೆ. ಕನ್ನಡಕ ಹಾಕಿಕೊಳ್ಳಿ, ಪಕ್ಕದ ಲಿಂಕುಗಳಿಗೆ ಒದ್ದೆ ಬಟ್ಟೆ ಸುತ್ತಿ, ಕಿಡಿ ಟ್ಯಾಂಕಿನ ಕಡೆ ಹಾರದಂತೆ ನಿಂತುಕೊಳ್ಳಿ. ಹೊಸ ಚೈನನ್ನು ಗಿಡ್ಡ ಮಾಡುವುದಾದರೆ ಬೈಕಿನಿಂದ ದೂರ, ಬೆಂಚ್ ವೈಸಿನಲ್ಲೇ ಮಾಡಿ.

ತಳ್ಳುವಾಗ ಒಂದೇ ಪಿನ್ನನ್ನು ಕೊನೆಯವರೆಗೆ ತಳ್ಳುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ಪ್ಲೇಟಿನ ದಪ್ಪ 2 ಮಿಮೀ ಚಿಲ್ಲರೆ. ಎರಡೂ ಪಿನ್ನು ಅಷ್ಟು ಕೆಳಗೆ ಹೋದರೆ ಮೇಲಿನ ಪ್ಲೇಟ್ ತಾನಾಗಿ ಕೈಗೆ ಬರುತ್ತದೆ, ಉಳಿದ ಲಿಂಕನ್ನು ಆಚೆಯಿಂದ ಎಳೆದುಕೊಂಡರೆ ಆಯಿತು. ಹಾಗಾಗಿ ಒಂದು ಪಿನ್ನನ್ನು 1 ಮಿಮೀ ತಳ್ಳಿ, ಸ್ಕ್ರೂ ಹಿಂದಕ್ಕೆ ತಂದು, ಕಟ್ಟರನ್ನು ಎರಡನೇ ಪಿನ್ನಿಗೆ ಹಾಕಿ ಅಷ್ಟೇ ತಳ್ಳಬೇಕು. ಮತ್ತೆ ಮೊದಲನೆಯದು. ಮೂರು ಸರದಿಯಲ್ಲಿ ಮುಗಿಯುತ್ತದೆ. ಹೀಗೆ ಮಾಡಿದರೆ ಪ್ಲೇಟ್ ವಾರೆಯಾಗಿ ಕಚ್ಚಿಕೊಳ್ಳುವುದಿಲ್ಲ, ಮೊಳೆ ಒಳಗೆ ಹೋಗುವ ದೂರವೂ ಕಡಿಮೆ. ಸ್ಕ್ರೂನ ಮರೆಗೆ ಮೊದಲೇ ಗ್ರೀಸ್ ಹಚ್ಚಿರಿ. ಪಿನ್ನು ಮೊದಲು ಕದಲುವಾಗ ‘ಟಕ್’ ಅಂತ ಒಂದು ಸದ್ದು ಬರುತ್ತದೆ, ಆಮೇಲೆ ಪಾನಾ ಹಗುರವಾಗಿ ತಿರುಗುತ್ತದೆ. ಸದ್ದು ಬಾರದೆ ಬಿಗಿ ಏರುತ್ತಲೇ ಹೋದರೆ ನಿಲ್ಲಿಸಬೇಕು. ಪೈಪ್ ಹಾಕಿ ಜಗ್ಗಬಾರದು. ಸ್ಕ್ರೂ ಹಿಂದೆ ತಂದು ನೋಡಿ: ಮೊಳೆಯ ಗುರುತು ಪಿನ್ನಿನ ನಡುವೆ ಇದೆಯೋ, ಪ್ಲೇಟಿನ ಅಂಚಿಗೆ ಬಿದ್ದಿದೆಯೋ. ನಡುವೆ ಇದ್ದರೆ ಇನ್ನಷ್ಟು ಉಜ್ಜಬೇಕು, ಅಂಚಿಗೆ ಬಿದ್ದಿದ್ದರೆ ಕಟ್ಟರನ್ನು ಸರಿಯಾಗಿ ಕೂರಿಸಬೇಕು. ತಳ್ಳಿ ತೆಗೆದ ಪಿನ್ನನ್ನು ಮತ್ತೆ ಒತ್ತಿ ಬಳಸುವುದು ಅಪಾಯ, ಅದರ ಬಿಗಿ ಹೋಗಿರುತ್ತದೆ.

ಎಷ್ಟು ಲಿಂಕ್ ತೆಗೆಯಬೇಕು? ಯಾವಾಗಲೂ ಸಮಸಂಖ್ಯೆ. ಚೈನಿನಲ್ಲಿ ಒಳ ಲಿಂಕ್, ಹೊರ ಲಿಂಕ್ ಒಂದಾದ ಮೇಲೊಂದು ಬರುತ್ತವೆ. ಕತ್ತರಿಸಿದ ಮೇಲೆ ಎರಡೂ ತುದಿಯಲ್ಲಿ ಒಳ ಲಿಂಕ್ ಉಳಿದರೆ ಮಾತ್ರ ಚೈನ್ ಲಾಕ್ ಕೂರುತ್ತದೆ. 120 ಲಿಂಕಿನ ಚೈನ್ ತಂದು 114 ಬೇಕಾದರೆ, ಒಂದು ತುದಿಯ ಒಳ ಲಿಂಕಿನಿಂದ ಒಂದು ಎಂದು ಶುರುಮಾಡಿ 113ರವರೆಗೆ ಎಣಿಸಿ. 113ನೆಯದೂ ಒಳ ಲಿಂಕೇ ಆಗಿರುತ್ತದೆ. 114ನೆಯ ಹೊರ ಲಿಂಕಿನ ಪಿನ್ನುಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ತೆಗೆಯುವುದು ಅದನ್ನೇ. ಅದರ ಜಾಗಕ್ಕೆ ಚೈನ್ ಲಾಕ್ ಬಂದು 114 ಆಗುತ್ತದೆ. ಹಳೆ ಚೈನನ್ನು ಪಕ್ಕದಲ್ಲಿ ಹಾಸಿ ಉದ್ದ ಹೋಲಿಸಿ ಕತ್ತರಿಸಬೇಡಿ, ಸವೆದ ಚೈನ್ ಉದ್ದವಾಗಿರುತ್ತದೆ, ಒಂದು ಲಿಂಕ್ ತಪ್ಪಿಹೋಗಬಹುದು. ಎಣಿಸಿ, ಇನ್ನೊಮ್ಮೆ ಎಣಿಸಿ. ಸ್ಪ್ರಾಕೆಟ್ ಬದಲಿಸಿದ್ದರೆ ಎರಡು ಹಲ್ಲಿಗೆ ಒಂದು ಲಿಂಕಿನ ಲೆಕ್ಕ. ಹಿಂದಿನ 48ನ್ನು 50 ಮಾಡಿ ಅದೇ ಚೈನ್ ಹಾಕಿದರೆ ಹಿಂದಿನ ಆಕ್ಸಲ್ ಸುಮಾರು 8 ಮಿಮೀ ಮುಂದೆ ಬರುತ್ತದೆ. 520ರಲ್ಲಿ ಎರಡು ಲಿಂಕ್ ತೆಗೆದರೆ ಆಕ್ಸಲ್ 16 ಮಿಮೀ ಮುಂದೆ ಹೋಗಬೇಕು. ಅಡ್ಜಸ್ಟರಿನಲ್ಲಿ ಅಷ್ಟು ಜಾಗ ಇದೆಯೇ, ಟೈರು ಮಡ್‌ಗಾರ್ಡಿಗೆ ತಾಗುತ್ತದೆಯೇ ಎಂದು ಕತ್ತರಿಸುವ ಮೊದಲೇ ನೋಡಿ.

ಅಡ್ಜಸ್ಟರ್ ಮುಗಿಯಿತು ಎಂಬ ಕಾರಣಕ್ಕೆ ಹಳೆ ಚೈನಿನ ಎರಡು ಲಿಂಕ್ ತೆಗೆದು ಓಡಿಸುವವರಿಗೆ ಇದೊಂದು ಮಾತು. ಚೈನನ್ನು ಬಿಗಿಯಾಗಿ ಹಿಡಿದು 20 ಪಿಚ್, ಅಂದರೆ ಒಂದನೇ ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿನವರೆಗೆ ಅಳೆಯಿರಿ. ಹೊಸ 520ರಲ್ಲಿ ಇದು 317.5 ಮಿಮೀ. 323 ದಾಟಿದ್ದರೆ ಆ ಚೈನ್ ಮುಗಿದಿದೆ, ಗಿಡ್ಡ ಮಾಡಿ ಉಪಯೋಗವಿಲ್ಲ, ಸ್ಪ್ರಾಕೆಟ್ ಹಲ್ಲನ್ನೂ ತಿಂದುಹಾಕುತ್ತದೆ. ಅಂಥ ಚೈನ್ ತೆಗೆಯಲು ಕಟ್ಟರೂ ಬೇಕಿಲ್ಲ, ಗ್ರೈಂಡರಿನಿಂದ ಪ್ಲೇಟನ್ನೇ ಕೊಯ್ದುಬಿಡಿ.

ಜೋಡಿಸುವಾಗ ಚೈನಿನ ಎರಡೂ ತುದಿಯನ್ನು ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಮೇಲೆ ತಂದರೆ ಅಲುಗಾಡದೆ ನಿಲ್ಲುತ್ತವೆ. ಓ-ರಿಂಗ್ ಚೈನಾದರೆ ಲಾಕಿನ ಜೊತೆ ಬಂದ ನಾಲ್ಕು ರಿಂಗುಗಳಿಗೂ ಅದರ ಗ್ರೀಸ್ ಹಚ್ಚಿ, ಪಿನ್ನಿಗೆ ಎರಡೆರಡರಂತೆ ಹಾಕಿ. ಇವುಗಳ ಮೇಲಿನ ಪ್ಲೇಟ್ ಕೈಯಲ್ಲಿ ಕೂರುವುದಿಲ್ಲ, ಒತ್ತಬೇಕು. ಸಾದಾ ಕಟ್ಟರ್ ಇರುವವರು ಇಲ್ಲಿ ಸುತ್ತಿಗೆ ಎತ್ತುತ್ತಾರೆ, ಪ್ಲೇಟ್ ವಾರೆಯಾಗಿ ಕೂತು ಒಂದು ರಿಂಗ್ ಹರಿಯುತ್ತದೆ. ಸಣ್ಣ ಸಿ-ಕ್ಲ್ಯಾಂಪ್ ಹಾಕಿ, ಎರಡೂ ಪಿನ್ನಿನ ಕಡೆ ಸರದಿಯಂತೆ ಒತ್ತಿದರೆ ಸಾಕು. ಎಲ್ಲಿಗೆ ನಿಲ್ಲಿಸಬೇಕು? ಪಿನ್ನಿನ ತುದಿಯಲ್ಲಿ ಕ್ಲಿಪ್ ಕೂರುವ ತೋಡು ಪೂರ್ತಿ ಕಂಡ ಕೂಡಲೇ. ವರ್ನಿಯರ್ ಹಾಕಿದರೆ ಪಕ್ಕದ ಹೊರ ಲಿಂಕಿನ ಅಗಲಕ್ಕೆ ಸಮ ಬರಬೇಕು. ಅದಕ್ಕಿಂತ ಬಿಗಿ ಮಾಡಿದರೆ ಆ ಲಿಂಕ್ ಮಡಚುವುದಿಲ್ಲ. ರಿವೆಟ್ ಲಾಕ್ ಆದರೆ ಪಿನ್ನಿನ ಅರಳಿದ ತುದಿ ಡಿಐಡಿಯ 520 ಚೈನುಗಳಲ್ಲಿ ಸಾಮಾನ್ಯವಾಗಿ 5.5ರಿಂದ 5.8 ಮಿಮೀ ಒಳಗೆ ಇರಬೇಕು. ಸ್ವಲ್ಪ ಅರಳಿಸಿ ಅಳೆದು, ಮತ್ತೆ ಸ್ವಲ್ಪ ಅರಳಿಸಿ. ಒಮ್ಮೆಗೇ ಒತ್ತಿದರೆ ಅಂಚು ಬಿರುಕು ಬಿಡುತ್ತದೆ, ಬಿರುಕು ಕಂಡ ಲಾಕನ್ನು ಬಿಸಾಡಬೇಕು.

ಕ್ಲಿಪ್ಪಿನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗಿರಬೇಕು. ಚೈನಿನ ಮೇಲಿನ ಸಾಲಿನಲ್ಲಿ ಅದು ಎಂಜಿನ್ನಿನ ಕಡೆ ಮುಖ ಮಾಡಿರುತ್ತದೆ. ಕಲಘಟಗಿ, ಅಳ್ನಾವರದ ಕಡೆಯ ಕುರುಚಲು ಗಿಡಗಳ ನಡುವೆ ಓಡಿಸುವಾಗ ಕಡ್ಡಿ ಸಿಕ್ಕಿ ಕ್ಲಿಪ್ ಹಾರುವುದುಂಟು. ಕ್ಲಿಪ್ಪಿನ ಮೇಲೆ ತೆಳ್ಳಗೆ ಸಿಲಿಕಾನ್ ಸೀಲಂಟ್ ಬಳಿದು ಒಣಗಲು ಬಿಟ್ಟರೆ ಆ ಭಯ ಕಡಿಮೆ, ಎರೆಮಣ್ಣು ತೋಡಿನೊಳಗೆ ಸೇರುವುದೂ ತಪ್ಪುತ್ತದೆ.

ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ಓಡಿಸುವವರು ಚೈನನ್ನು ಬಿಗಿಯಾಗಿ ಇಡಬಾರದು. ಮಣ್ಣು ಸ್ಪ್ರಾಕೆಟ್ ಹಲ್ಲಿನ ಬುಡದಲ್ಲಿ ತುಂಬಿಕೊಂಡು ಚೈನನ್ನು ಹೊರಕ್ಕೆ ಎತ್ತುತ್ತದೆ, ಸಡಿಲ ಇದ್ದ ಚೈನೂ ತಂತಿಯಂತೆ ಬಿಗಿಯುತ್ತದೆ. ಕಂಪನಿಯ ಪುಸ್ತಕದಲ್ಲಿ ಕೊಟ್ಟ ಸಡಿಲದ ಮೇಲಿನ ಅಂಕಿಗೆ ನಾನು ಇಡುತ್ತೇನೆ. ಶಾಕ್ ಬಿಚ್ಚಿ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಎತ್ತಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಅಲ್ಲಿಯೂ ಬೆರಳಿಗೆ ಸ್ವಲ್ಪ ಆಡಬೇಕು.

ಹೊಲದ ದಾರಿಗೆ ಒಯ್ಯುವ ಚೀಲದಲ್ಲಿ ದೊಡ್ಡ ಕಿಟ್ ಬೇಡ. ಸಣ್ಣ ಕಟ್ಟರ್, ಅದರ ಒಂದು ಹೆಚ್ಚುವರಿ ಮೊಳೆ, ಪಕ್ಕಡ, ನಿಮ್ಮದೇ ಚೈನಿನ ಕಂಪನಿ ಮತ್ತು ಮಾದರಿಯ ಎರಡು ಚೈನ್ ಲಾಕ್, ಹಳೆ ಚೈನಿನಿಂದಲ್ಲದೆ ಹೊಸದರಿಂದ ಕತ್ತರಿಸಿ ಉಳಿದ ಮೂರು ಲಿಂಕಿನ ತುಂಡು. ಆ ತುಂಡಿನ ಎರಡೂ ತುದಿ ಒಳ ಲಿಂಕ್ ಆಗಿರಲಿ: ಮುರಿದ ಹೊರ ಲಿಂಕನ್ನು ತೆಗೆದು, ಎರಡು ಲಾಕಿನಿಂದ ಅದನ್ನು ನಡುವೆ ಕೂರಿಸಬಹುದು. ಹಾಗೆ ಮಾಡಿದರೆ ಚೈನ್ ನಾಲ್ಕು ಲಿಂಕ್ ಉದ್ದವಾಗುತ್ತದೆ, ಆದ್ದರಿಂದ ಮುರಿದದ್ದರ ಪಕ್ಕದ ಹಾಳಾದ ಲಿಂಕುಗಳನ್ನೂ ಅಷ್ಟೇ ತೆಗೆಯಬೇಕು. ಬೇರೆ ಕಂಪನಿಯ ಲಾಕ್ ನೋಡಲು ಒಂದೇ ಥರ ಇದ್ದರೂ ಪಿನ್ನಿನ ಉದ್ದ ಬೇರೆ ಇರುತ್ತದೆ, ಕ್ಲಿಪ್ ತೋಡಿಗೆ ಸಿಗುವುದಿಲ್ಲ. ಹೊಲದಲ್ಲಿ ಗ್ರೈಂಡರ್ ಇರುವುದಿಲ್ಲವಲ್ಲ, ಅದಕ್ಕೆ ಹೊಸ ಚೈನ್ ಹಾಕಿದ ದಿನವೇ ಆ ಸಣ್ಣ ಕಟ್ಟರನ್ನು ಉಳಿದ ತುಂಡಿನ ಉಜ್ಜದ ಪಿನ್ನಿನ ಮೇಲೆ ಒಮ್ಮೆ ಹಾಕಿ ನೋಡಿ. ಮೊಳೆ ಬಾಗುವುದಿದ್ದರೆ ಮನೆಯಲ್ಲೇ ಬಾಗಲಿ.